ಮುಚ್ಚಿದ ಡ್ರೈವರ್ ಎಲ್ಲಿ ಕೂತಿದೆ ಅನ್ನೋದೇ ಪ್ರಶ್ನೆ

ಅಪ್‌ಡೇಟ್ ಮಾಡಿ, ರೀಬೂಟ್ ಮಾಡಿದ ಕೂಡಲೇ ವೈಫೈ ಮಾಯ. ಇಲ್ಲವೇ ಲಾಗಿನ್ ಪರದೆ ಬರಬೇಕಾದ ಜಾಗದಲ್ಲಿ ಬರೀ ಕಪ್ಪು. ಲಿನಕ್ಸ್ ಬಳಸುವವರಲ್ಲಿ ಈ ದೂರು ಕೇಳದವರೇ ಇಲ್ಲ ಅನ್ನಬಹುದು. ಬೈಗುಳ ನೇರವಾಗಿ ಲಿನಕ್ಸ್ ಮೇಲೆ ಬೀಳುತ್ತದೆ. ಇಂಥ ಕಡೆ ಮೊದಲು ನೋಡಬೇಕಾದ್ದು ಒಂದೇ: ಕೆಟ್ಟಿರುವ ಆ ತುಂಡಿನ ಸೋರ್ಸ್ ಕೋಡ್ ಯಾರ ಕೈಯಲ್ಲಿದೆ? ಡ್ರೈವರ್ ಎಂದರೆ ಹಾರ್ಡ್‌ವೇರನ್ನು ಓಡಿಸುವ ತಂತ್ರಾಂಶ, ಅದರ ಸೋರ್ಸ್ ಕೋಡ್ ಕಂಪನಿ ಹೊರಗೆ ಕೊಡದಿದ್ದರೆ ಅದು ಮುಚ್ಚಿದ ಡ್ರೈವರ್. ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಮುಚ್ಚಿದ ಭಾಗ ಯಂತ್ರದಲ್ಲಿ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಅದು ಎಷ್ಟು ಬೇಗ ಕೈಕೊಡುತ್ತದೆ ಅನ್ನುವುದು ನಿಂತಿದೆ. ಅದನ್ನು ಬಿಡಿಸಿ ಹೇಳುತ್ತೇನೆ.

ಜಾಗ ಮೂರು. ಒಂದು, ಕರ್ನಲ್‌ನ (ಹಾರ್ಡ್‌ವೇರ್ ಮತ್ತು ಪ್ರೋಗ್ರಾಂಗಳ ನಡುವೆ ನಿಲ್ಲುವ ವ್ಯವಸ್ಥೆಯ ತಿರುಳು) ಒಳಗೆ. ಎರಡು, ಕರ್ನಲ್‌ನ ಹೊರಗೆ, ಸಾಮಾನ್ಯ ಪ್ರೋಗ್ರಾಂನಂತೆ ಓಡುವ ಲೈಬ್ರರಿ ಅಥವಾ ಡೀಮನ್ (ಹಿನ್ನೆಲೆಯಲ್ಲಿ ಓಡುತ್ತಿರುವ ಪ್ರೋಗ್ರಾಂ) ಆಗಿ. ಮೂರು, ಹಾರ್ಡ್‌ವೇರ್‌ನ ಒಳಗೇ ಓಡುವ ಫರ್ಮ್‌ವೇರ್ ಆಗಿ. ಒಂದೇ ಕಂಪನಿಯ ಒಂದೇ ಸಾಧನದಲ್ಲಿ ಮೂರೂ ಕಡೆ ಮುಚ್ಚಿದ ತುಂಡುಗಳಿರಬಹುದು. ಮೂರರ ರೋಗಲಕ್ಷಣ ಬೇರೆ, ಮದ್ದೂ ಬೇರೆ.

ಕರ್ನಲ್‌ನ ಒಳಗಿನಿಂದ ಶುರು ಮಾಡೋಣ, ಹೆಚ್ಚಿನ ಕಷ್ಟ ಇರುವುದು ಅಲ್ಲೇ. ಲಿನಕ್ಸ್ ಕರ್ನಲ್ ನಮಗೆ ಕೊಟ್ಟಿರುವ ಮಾತು ಒಂದು, ಕೊಡದಿರುವ ಮಾತು ಇನ್ನೊಂದು. ಬಳಕೆದಾರರ ಪ್ರೋಗ್ರಾಂಗಳನ್ನು ಮುರಿಯುವುದಿಲ್ಲ ಅನ್ನುವುದು ಕೊಟ್ಟ ಮಾತು. ಹತ್ತು ವರ್ಷ ಹಿಂದೆ ಕಂಪೈಲ್ ಮಾಡಿದ ಪ್ರೋಗ್ರಾಂ, ಅದಕ್ಕೆ ಬೇಕಾದ ಲೈಬ್ರರಿಗಳು ಸಿಕ್ಕರೆ, ಇವತ್ತಿನ ಕರ್ನಲ್ ಮೇಲೂ ಓಡಬೇಕು. ಆದರೆ ಕರ್ನಲ್‌ನ ಒಳಗೆ ಡ್ರೈವರ್‌ಗಳು ಕರೆಯುವ ಫಂಕ್ಷನ್‌ಗಳು ಹಾಗೇ ಇರುತ್ತವೆ ಎಂದು ಅದು ಯಾವತ್ತೂ ಹೇಳಿಲ್ಲ. ಕರ್ನಲ್ ನೋಡಿಕೊಳ್ಳುವವರಲ್ಲಿ ಒಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದ ಒಂದು ಟಿಪ್ಪಣಿ ಕರ್ನಲ್ ಸೋರ್ಸ್‌ನ ಜೊತೆಗೇ ಬರುತ್ತದೆ, ಇಂಥ ಸ್ಥಿರತೆಯನ್ನು ಬೇಕೆಂದೇ ಕೊಟ್ಟಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಹೊಸ ಕರ್ನಲ್ 9 ಅಥವಾ 10 ವಾರಕ್ಕೊಮ್ಮೆ ಬಿಡುಗಡೆಯಾಗುತ್ತದೆ. ಪ್ರತಿ ಸಲವೂ ಒಳಗಿನ ಒಂದಿಷ್ಟು ಬಾಗಿಲು ಕಿಟಕಿ ಜಾಗ ಬದಲಿಸಿರುತ್ತವೆ.

ಇದು ಬೇಜವಾಬ್ದಾರಿ ಅಲ್ಲ, ಲೆಕ್ಕಾಚಾರ. 2018ರ ಜನವರಿಯಲ್ಲಿ ಬಂದ 4.15 ಕರ್ನಲ್‌ನಲ್ಲಿ ಟೈಮರ್ ಸಿದ್ಧಪಡಿಸುವ ಹಳೆಯ ವಿಧಾನವನ್ನು ತೆಗೆದು ಹೊಸ ವಿಧಾನ ತಂದರು, ಹಳೆಯದರಲ್ಲಿ ಭದ್ರತೆಯ ತೊಂದರೆ ಇತ್ತು. ಬದಲಾವಣೆ ಮಾಡಿದವರೇ ಕರ್ನಲ್‌ನೊಳಗೆ ಆ ಟೈಮರ್ ಬಳಸುತ್ತಿದ್ದ ಡ್ರೈವರ್‌ಗಳನ್ನೆಲ್ಲ ಹುಡುಕಿ ತಿದ್ದಿದರು. ಸೋರ್ಸ್ ಒಂದೇ ಮರದಲ್ಲಿ, ಅಂದರೆ ಕರ್ನಲ್‌ನ ಸೋರ್ಸ್ ಸಂಗ್ರಹದಲ್ಲೇ, ಇದ್ದದ್ದರಿಂದ ಅದು ಆಯಿತು. ನಿಮ್ಮ ಡ್ರೈವರ್ ಆ ಮರದಲ್ಲಿದ್ದರೆ ನೀವು ನಿದ್ದೆ ಮಾಡುತ್ತಿರುವಾಗಲೇ ಇನ್ಯಾರೋ ಅದನ್ನು ಸರಿಮಾಡಿರುತ್ತಾರೆ. ಹೊರಗಿದ್ದರೆ ಅವರು ಅದನ್ನು ಮುಟ್ಟುವುದಿಲ್ಲ. 2020ರ ಮಾರ್ಚ್‌ನಲ್ಲಿ ಬಂದ 5.6ರಲ್ಲೂ ಹೀಗೇ ಆಯಿತು. ಸಾಧನದ ಮೆಮೊರಿಯನ್ನು ಕರ್ನಲ್‌ಗೆ ಜೋಡಿಸುವ ಐಓರೀಮ್ಯಾಪ್ ನೋಕ್ಯಾಶ್ ಎಂಬ ಫಂಕ್ಷನ್ ಹೋಯಿತು, ಕರ್ನಲ್ ತನ್ನ ಮಾಹಿತಿ ತೋರಿಸುವ ಪ್ರೊಕ್ ಫೈಲ್‌ಗಳನ್ನು ನೋಂದಾಯಿಸುವ ರೀತಿ ಬದಲಾಯಿತು. ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್‌ವಿಡಿಯಾ ತನ್ನ 340 ಸರಣಿಯ ಕೊನೆಯ ಡ್ರೈವರ್ ಬಿಟ್ಟದ್ದು 2019ರ ಡಿಸೆಂಬರ್‌ನಲ್ಲಿ. ಜೀಫೋರ್ಸ್ 8, 9, 200, 300 ಕಾರ್ಡ್‌ಗಳಿಗೆ ಅಲ್ಲಿಗೆ ಕಂಪನಿಯ ಬಾಗಿಲು ಮುಚ್ಚಿತು. ಮೂರೇ ತಿಂಗಳಲ್ಲಿ ಕರ್ನಲ್ ಮುಂದೆ ಹೋಯಿತು. ಕಾರ್ಡ್ ಕೆಟ್ಟಿರಲಿಲ್ಲ, ಬಳಸುವ ದಾರಿ ಮಾತ್ರ ಹೋಯಿತು.

ಹಾಗಾದರೆ ಈ ಹಳೆಯ ಮುಚ್ಚಿದ ಡ್ರೈವರ್‌ಗಳು ಕೆಲವು ವಿತರಣೆಗಳಲ್ಲಿ (ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ರೂಪಗಳಲ್ಲಿ) ಇನ್ನೂ ಓಡುತ್ತಿರುವುದು ಹೇಗೆ ಎಂದು ನೀವು ಕೇಳಬಹುದು. ಬ್ರಾಡ್‌ಕಾಮ್ ವೈಫೈಗೆ ಬರುವ ಡಬ್ಲ್ಯುಎಲ್ ಡ್ರೈವರ್ ಬಿಚ್ಚಿ ನೋಡಿದರೆ ತಿಳಿಯುತ್ತದೆ. ಅದರ ಪ್ಯಾಕೇಜ್‌ನಲ್ಲಿ ಎರಡು ಭಾಗ. ಒಂದು ಮೊದಲೇ ಕಂಪೈಲ್ ಆಗಿ ಬಂದ ದೊಡ್ಡ ಆಬ್ಜೆಕ್ಟ್ ಫೈಲ್, ಅಸಲಿ ಕೆಲಸವೆಲ್ಲ ಅದರಲ್ಲಿ. ಅದರ ಸುತ್ತ ಕೆಲವೇ ಸಿ ಫೈಲ್‌ಗಳ ತೆಳು ಹೊದಿಕೆ, ಅದರ ಸೋರ್ಸ್ ಕಾಣುತ್ತದೆ. ಕರ್ನಲ್ ಜೊತೆ ಮಾತಾಡುವುದು ಈ ಹೊದಿಕೆ ಮಾತ್ರ. ಕಂಪನಿ ಕೊಟ್ಟ ಕೊನೆಯ ಆವೃತ್ತಿ 6.30.223.271, 2015ರದ್ದು. ಅಲ್ಲಿಂದೀಚೆಗೆ ಹೊದಿಕೆ ಹರಿದಾಗಲೆಲ್ಲ ತೇಪೆ ಹಾಕುತ್ತಿರುವವರು ಡೆಬಿಯನ್, ಉಬುಂಟು, ಆರ್ಚ್‌ನ ಪ್ಯಾಕೇಜ್ ನೋಡಿಕೊಳ್ಳುವವರು. ಉದಾಹರಣೆಗೆ 2020ರ ಡಿಸೆಂಬರ್‌ನ 5.10 ಕರ್ನಲ್‌ನಲ್ಲಿ ಸೆಟ್-ಎಫ್‌ಎಸ್ ಎಂಬ ಹಳೆಯ ಫಂಕ್ಷನ್ ಎಕ್ಸ್86ನಿಂದ (ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಕರ್ನಲ್‌ನಿಂದ) ಹೋಯಿತು, ಹೊದಿಕೆಗೆ ಇನ್ನೊಂದು ತೇಪೆ ಬಿತ್ತು. ಒಳಗಿನ ತುಂಡನ್ನು ಮಾತ್ರ ಯಾರೂ ಮುಟ್ಟಲಾರರು. 2015ರಲ್ಲಿ ಅದರಲ್ಲಿ ಯಾವ ದೋಷವಿತ್ತೋ ಇವತ್ತೂ ಅದೇ ಇದೆ. ಅದು ಎಕ್ಸ್86ಗೆ ಮಾತ್ರ ಕಂಪೈಲ್ ಆಗಿರುವುದರಿಂದ ರಾಸ್‌ಬೆರಿ ಪೈನಂಥ ಎಆರ್‌ಎಂ ಯಂತ್ರದಲ್ಲಿ ಎಷ್ಟು ತೇಪೆ ಹಾಕಿದರೂ ಓಡುವುದಿಲ್ಲ.

2012ರಿಂದ 2015ರ ನಡುವಿನ ಲ್ಯಾಪ್‌ಟಾಪ್ ನಿಮ್ಮಲ್ಲಿದ್ದರೆ ಯಂತ್ರದೊಳಗಿನ ಸಾಧನಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಆಜ್ಞೆಯನ್ನು -ಎನ್‌ಎನ್‌ಕೆ ಸೇರಿಸಿ ಓಡಿಸಿ. ನೆಟ್‌ವರ್ಕ್ ಸಾಲಿನಲ್ಲಿ 14ಇ4:4365 ಎಂದು ಕಂಡರೆ ಅದು ಬ್ರಾಡ್‌ಕಾಮ್ ಬಿಸಿಎಂ43142. 14ಇ4 ಬ್ರಾಡ್‌ಕಾಮ್‌ನ ಗುರುತು ಸಂಖ್ಯೆ, 8086 ಇಂಟೆಲ್‌ನದು, 10ಡಿಇ ಎನ್‌ವಿಡಿಯಾದ್ದು. 43142ಕ್ಕೆ ಮುಕ್ತ ಡ್ರೈವರ್ ಇಲ್ಲ, ಡಬ್ಲ್ಯುಎಲ್ ಒಂದೇ ಗತಿ. ಅದನ್ನು ಹಾಕಿದಾಗ ಬಿ43, ಎಸ್‌ಎಸ್‌ಬಿ, ಬಿಸಿಎಂಎ ಮಾಡ್ಯೂಲ್‌ಗಳನ್ನು (ಕರ್ನಲ್‌ಗೆ ಬೇಕಾದಾಗ ಲೋಡ್ ಆಗುವ ತುಂಡುಗಳು) ಬ್ಲಾಕ್‌ಲಿಸ್ಟ್‌ಗೆ, ಅಂದರೆ ಲೋಡ್ ಆಗಬಾರದವುಗಳ ಪಟ್ಟಿಗೆ, ಸೇರಿಸಬೇಕು. ಇಲ್ಲದಿದ್ದರೆ ಬೂಟ್ ಆಗುವಾಗ ಅವು ಮೊದಲು ಕಾರ್ಡ್ ಹಿಡಿದುಕೊಂಡು ಡಬ್ಲ್ಯುಎಲ್‌ಗೆ ಸಿಗದಂತೆ ಮಾಡುತ್ತವೆ. ಡೆಬಿಯನ್, ಉಬುಂಟು ಪ್ಯಾಕೇಜ್‌ಗಳು ಇದನ್ನು ತಾವೇ ಮಾಡುತ್ತವೆ, ಕಂಪನಿಯ ಫೈಲ್ ಇಳಿಸಿ ಕೈಯಾರೆ ಕಂಪೈಲ್ ಮಾಡುವವರು ಮರೆಯುವುದು ಈ ಹೆಜ್ಜೆಯನ್ನೇ.

ಹೊರಗಿನ ಮಾಡ್ಯೂಲ್ ಇರುವ ಯಂತ್ರದಲ್ಲಿ ಕರ್ನಲ್ ಬದಲಾದಾಗಲೆಲ್ಲ ಅದನ್ನು ಮತ್ತೆ ಕಂಪೈಲ್ ಮಾಡಲು ಡಿಕೆಎಂಎಸ್ ಇದೆ. ಅದು ಮಾಡುವುದು ಸರಳ ಕೆಲಸ: ಹೊಸ ಕರ್ನಲ್ ಬಂತು ಎಂದರೆ ಅದರ ಹೆಡರ್ ಫೈಲ್‌ಗಳನ್ನು (ಒಳಗಿನ ಫಂಕ್ಷನ್‌ಗಳ ವಿವರ ಇರುವ ಫೈಲ್‌ಗಳು) ಇಟ್ಟುಕೊಂಡು ಹೊದಿಕೆಯನ್ನು ಕಂಪೈಲ್ ಮಾಡಿ, ಮುಚ್ಚಿದ ತುಂಡಿಗೆ ಜೋಡಿಸುತ್ತದೆ. ಕೈಕೊಡುವುದು ಸಾಮಾನ್ಯವಾಗಿ ಇಲ್ಲಿ: ಹೆಡರ್ ಇಲ್ಲ. ಯಾರೋ ಒಂದು ನಿರ್ದಿಷ್ಟ ಆವೃತ್ತಿಯ ಹೆಡರ್ ಪ್ಯಾಕೇಜ್ ಮಾತ್ರ ಹಾಕಿರುತ್ತಾರೆ. ಮುಂದಿನ ಅಪ್‌ಡೇಟ್‌ನಲ್ಲಿ ಕರ್ನಲ್ ಬರುತ್ತದೆ, ಅದರ ಹೆಡರ್ ಬರುವುದಿಲ್ಲ, ಡಿಕೆಎಂಎಸ್ ಆ ಕರ್ನಲ್ ಬಿಟ್ಟು ಮುಂದೆ ಹೋಗುತ್ತದೆ. ಡೆಬಿಯನ್‌ನಲ್ಲಿ ಲಿನಕ್ಸ್-ಹೆಡರ್ಸ್-ಎಎಂಡಿ64, ಉಬುಂಟುವಿನಲ್ಲಿ ಲಿನಕ್ಸ್-ಹೆಡರ್ಸ್-ಜೆನೆರಿಕ್ ಹಾಕಿ. ಇವು ಆವೃತ್ತಿ ಸಂಖ್ಯೆ ಇಲ್ಲದ ಮೇಲ್ಪ್ಯಾಕೇಜ್‌ಗಳು, ಕರ್ನಲ್ ಜೊತೆಗೇ ಮುಂದೆ ಹೋಗುತ್ತವೆ.

ಅಪ್‌ಡೇಟ್ ಆದ ಮೇಲೆ, ರೀಬೂಟ್ ಮಾಡುವ ಮೊದಲು ಡಿಕೆಎಂಎಸ್ ಸ್ಟೇಟಸ್ ಎಂದು ಟೈಪ್ ಮಾಡಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಹೊಸ ಕರ್ನಲ್‌ನ ಸಾಲಿನಲ್ಲಿ ಇನ್‌ಸ್ಟಾಲ್ಡ್ ಎಂದಿರಬೇಕು. ಆಡೆಡ್ ಎಂದಷ್ಟೇ ಇದ್ದರೆ ಕಂಪೈಲ್ ಆಗಿಲ್ಲ. ಕಾರಣ ಬೇಕಾದರೆ ವಾರ್ ಲಿಬ್ ಡಿಕೆಎಂಎಸ್ ಫೋಲ್ಡರ್‌ನಲ್ಲಿ ಆ ಮಾಡ್ಯೂಲ್‌ನ ಕೆಳಗೆ ಮೇಕ್ ಲಾಗ್ ಫೈಲ್ ಇದೆ. ಅದರಲ್ಲಿ ಎರರ್ ಎಂಬ ಮೊದಲ ಸಾಲನ್ನು ಹುಡುಕಿ, ಕೊನೆಯದನ್ನಲ್ಲ. ಇಂಪ್ಲಿಸಿಟ್ ಡಿಕ್ಲರೇಷನ್ ಎಂದು ಒಂದು ಫಂಕ್ಷನ್ ಹೆಸರು ಕಂಡರೆ ಕರ್ನಲ್ ಆ ಫಂಕ್ಷನ್ ತೆಗೆದಿದೆ ಅಥವಾ ಜಾಗ ಬದಲಿಸಿದೆ ಎಂದು ಸಾಮಾನ್ಯವಾಗಿ ಅರ್ಥ, ನೀವು ಮಾಡಿದ್ದೇನೂ ಇಲ್ಲ. ಆಗ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಳೆಯ ಕರ್ನಲ್‌ನಿಂದ ಬೂಟ್ ಮಾಡಿ ಕೆಲಸ ಮುಂದುವರಿಸಿ. ಹೊಸ ಕರ್ನಲ್ ಓಡುತ್ತಿದೆ ಎಂದು ಖಾತ್ರಿಯಾಗುವ ತನಕ ಹಳೆಯ ಪ್ಯಾಕೇಜ್‌ಗಳನ್ನು ತೆಗೆದುಹಾಕುವ ಆಟೋರಿಮೂವ್ ಆಜ್ಞೆ ಕೊಡಬೇಡಿ, ಹಿಂದಿನ ಕರ್ನಲ್ ಇರುವುದು ಇಂಥ ದಿನಕ್ಕೇ.

ನಂಬಿಕೆಯ ಸಹಿ ಇಲ್ಲದ ಕೋಡ್ ತಡೆಯುವ ಸೆಕ್ಯೂರ್ ಬೂಟ್ ಇದ್ದಲ್ಲಿ ಇನ್ನೊಂದು ಹೆಜ್ಜೆ ಕೂಡಿಕೊಳ್ಳುತ್ತದೆ. ಮಾಡ್ಯೂಲ್ ಸರಿಯಾಗಿ ಕಂಪೈಲ್ ಆಗಿದೆ, ಆದರೂ ಲೋಡ್ ಆಗುತ್ತಿಲ್ಲ, ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್ ಎನ್ನುತ್ತದೆ. ವಿತರಣೆಯವರ ಕರ್ನಲ್‌ಗೆ ಅವರ ಸಹಿ ಇದೆ, ನಿಮ್ಮ ಯಂತ್ರದಲ್ಲಿ ಕಂಪೈಲ್ ಆದ ಮಾಡ್ಯೂಲ್‌ಗೆ ನಿಮ್ಮ ಕೀಯ ಸಹಿ, ಆ ಕೀ ಯಂತ್ರಕ್ಕೆ ಪರಿಚಯವಿಲ್ಲ. ಎಂಓಕೆಯುಟಿಲ್ ಆಜ್ಞೆಯಿಂದ ಕೀಯನ್ನು ಇಂಪೋರ್ಟ್ ಮಾಡಿದರೆ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್ ಆದಾಗ ನೀಲಿ ಪರದೆ ಬರುತ್ತದೆ. 10 ಸೆಕೆಂಡ್ ಒಳಗೆ ಕೀಬೋರ್ಡ್‌ನ ಯಾವುದಾದರೂ ಗುಂಡಿ ಒತ್ತಬೇಕು, ಎನ್‌ರೋಲ್ ಎಂಓಕೆ ಆರಿಸಬೇಕು, ಅದೇ ಪಾಸ್‌ವರ್ಡ್ ಕೊಡಬೇಕು. ಸುಮ್ಮನೆ ನೋಡುತ್ತ ಕೂತರೆ ಪರದೆ ಹೋಗುತ್ತದೆ, ಕೀ ಸೇರುವುದಿಲ್ಲ, ಮತ್ತೆ ಮೊದಲಿನಿಂದ ಮಾಡಬೇಕು. ಸೆಕ್ಯೂರ್ ಬೂಟ್ ಅನ್ನೇ ಆಫ್ ಮಾಡಿಬಿಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಒಂದು ಮುಚ್ಚಿದ ಡ್ರೈವರ್ ಸಲುವಾಗಿ ಇಡೀ ಯಂತ್ರದ ಬೂಟ್ ರಕ್ಷಣೆ ಕಳಚುವುದು ನನಗೆ ಒಪ್ಪಿಗೆಯಿಲ್ಲ. ಐದು ನಿಮಿಷದ ಕೆಲಸ, ಮಾಡಿ.

ಇನ್ನು ಕರ್ನಲ್ ತನ್ನೊಳಗೆ ಹೊರಗಿನವರು ಬಂದದ್ದನ್ನು ಬರೆದಿಟ್ಟುಕೊಳ್ಳುತ್ತದೆ. ಪ್ರೊಕ್ ಸಿಸ್ ಕರ್ನಲ್‌ನ ಕೆಳಗೆ ಟೇಂಟೆಡ್ ಎಂಬ ಫೈಲ್ ಇದೆ. ಅದರಲ್ಲಿ 0 ಇದ್ದರೆ ಶುದ್ಧ. 12289 ಇದ್ದರೆ ಗಾಬರಿ ಬೇಡ, ಕೂಡಿಸಿ ನೋಡಿ: 1 ಎಂದರೆ ಮುಚ್ಚಿದ ಮಾಡ್ಯೂಲ್, 4096 ಎಂದರೆ ಕರ್ನಲ್ ಮರದ ಹೊರಗಿನದು, 8192 ಎಂದರೆ ಸಹಿ ಇಲ್ಲದ್ದು. ಈ ಸಂಖ್ಯೆ ಇಟ್ಟುಕೊಂಡು ಕರ್ನಲ್ ಕುಸಿತದ ವರದಿ ಕಳಿಸಿದರೆ, ಆ ಮಾಡ್ಯೂಲ್ ತೆಗೆದು ಮತ್ತೆ ಕುಸಿಯುತ್ತದೆಯೇ ನೋಡಿ ಎಂದು ಉತ್ತರ ಬರುತ್ತದೆ. ಅದು ಅಹಂಕಾರದ ಮಾತಲ್ಲ. ಕರ್ನಲ್‌ನ ಒಳಗೆ ಓಡುವ ಕೋಡ್ ಯಾರ ಮೆಮೊರಿಯನ್ನು ಬೇಕಾದರೂ ಕೆಡಿಸಬಲ್ಲದು. ಅದರ ಸೋರ್ಸ್ ಕಾಣದಿದ್ದರೆ ತಪ್ಪು ಎಲ್ಲಿಯದು ಎಂದು ಹೇಳಲು ಯಾರಿಗೂ ಆಧಾರವಿಲ್ಲ.

ಭದ್ರತೆಯ ವಿಷಯವೂ ಇದೇ. 2006ರ ಅಕ್ಟೋಬರ್‌ನಲ್ಲಿ ರ‍್ಯಾಪಿಡ್7 ಸಂಸ್ಥೆ ಎನ್‌ವಿಡಿಯಾದ ಲಿನಕ್ಸ್ ಡ್ರೈವರ್‌ನಲ್ಲಿ ಬಫರ್ ಮೀರುವ ದೋಷವೊಂದನ್ನು ಪ್ರಕಟಿಸಿತು. ಪರದೆಯ ಮೇಲೆ ಅಕ್ಷರ ಮೂಡಿಸುವ ಕೋಡ್‌ನಲ್ಲಿದ್ದ ಆ ದೋಷದಿಂದ ರೂಟ್ ಅಧಿಕಾರವನ್ನೇ, ಅಂದರೆ ಯಂತ್ರದ ಪೂರ್ತಿ ಹಿಡಿತವನ್ನೇ, ಪಡೆಯಬಹುದಿತ್ತು. ಮುಕ್ತ ಡ್ರೈವರ್‌ನಲ್ಲೂ ಇಂಥ ದೋಷ ಬರುತ್ತದೆ, ಬರುತ್ತಲೇ ಇರುತ್ತದೆ. ವ್ಯತ್ಯಾಸ ಇಷ್ಟೇ: ಮುಚ್ಚಿದ ಡ್ರೈವರ್ ಆದರೆ ಕಂಪನಿ ಹೊಸ ಆವೃತ್ತಿ ಬಿಡುವ ತನಕ ಬಳಕೆದಾರರಿಗೆ ಆ ಡ್ರೈವರ್ ಬಿಟ್ಟುಬಿಡುವುದೊಂದೇ ದಾರಿ.

ಎರಡನೆಯ ಜಾಗಕ್ಕೆ ಬರುತ್ತೇನೆ, ಕರ್ನಲ್‌ನ ಹೊರಗೆ. ಇದಕ್ಕೆ ನಮ್ಮ ಊರುಗಳ ಜೆರಾಕ್ಸ್ ಅಂಗಡಿ, ಆಡಿಟರ್ ಕಚೇರಿಗಳಲ್ಲಿ ಕಾಣುವ ಪ್ರಿಂಟರ್‌ಗಳೇ ಉದಾಹರಣೆ. ಕ್ಯಾನನ್ ಎಲ್‌ಬಿಪಿ2900 ನಿಮಗೆಲ್ಲ ಗೊತ್ತು. ಅದು ಪ್ರಿಂಟರ್‌ಗಳ ಸಾಮಾನ್ಯ ಭಾಷೆಗಳಾದ ಪೋಸ್ಟ್‌ಸ್ಕ್ರಿಪ್ಟ್ ಆಗಲಿ ಪಿಸಿಎಲ್ ಆಗಲಿ ಅರಿಯದು, ಕ್ಯಾಪ್ಟ್ ಎಂಬ ಕಂಪನಿಯದೇ ಭಾಷೆ ಮಾತ್ರ. ಲಿನಕ್ಸ್‌ಗೆ ಕೊಟ್ಟದ್ದು ಸಿಸಿಪಿಡಿ ಎಂಬ ಮುಚ್ಚಿದ ಡೀಮನ್. ಲಿನಕ್ಸ್‌ನ ಪ್ರಿಂಟಿಂಗ್ ವ್ಯವಸ್ಥೆಯಾದ ಕಪ್ಸ್ ಅದಕ್ಕೆ 59687 ಪೋರ್ಟ್‌ನಲ್ಲಿ ಕೆಲಸ ಕೊಡುತ್ತದೆ, ಅದು ಪ್ರಿಂಟರ್‌ಗೆ ಕಳಿಸುತ್ತದೆ. ಇದು ಕರ್ನಲ್ ಬದಲಾದರೆ ಮುರಿಯುವುದಿಲ್ಲ, ಆಗ ಹೇಳಿದ ಮಾತು ಇದನ್ನು ಕಾಯುತ್ತದೆ. ಮುರಿಯುವುದು ಬೇರೆ ಕಡೆ. ಅದಕ್ಕೆ 32 ಬಿಟ್ ಲೈಬ್ರರಿಗಳು ಬೇಕು, 64 ಬಿಟ್ ಯಂತ್ರದಲ್ಲಿ ಅವು ತಾವಾಗಿ ಇರುವುದಿಲ್ಲ, ಡೀಮನ್ ಏನೂ ಹೇಳದೆ ಸಾಯುತ್ತದೆ. ಇನ್ನೊಂದು, ಪ್ರಿಂಟರ್ ಆಫ್ ಮಾಡಿ ಮತ್ತೆ ಹಾಕಿದಾಗ ಡೆವ್ ಯುಎಸ್‌ಬಿ ಕೆಳಗಿನ ಎಲ್‌ಪಿ0 ಹೋಗಿ ಎಲ್‌ಪಿ1 ಆಗಬಹುದು. ಡೀಮನ್ ಎಲ್‌ಪಿ0ವನ್ನೇ ಕಾಯುತ್ತ ಕೂತಿರುತ್ತದೆ, ಪ್ರಿಂಟ್ ಸಾಲಿನಲ್ಲಿ ಕೆಲಸಗಳು ರಾಶಿ ಬೀಳುತ್ತವೆ. ಇದಕ್ಕೆ ಪ್ರಿಂಟರ್‌ನ ಸೀರಿಯಲ್ ಸಂಖ್ಯೆ ಹಿಡಿದು ಸಾಧನಗಳಿಗೆ ಹೆಸರಿಡುವ ಯುಡೆವ್‌ನ ನಿಯಮದಿಂದ ಒಂದು ಸ್ಥಿರ ಹೆಸರು ಕೊಟ್ಟು, ಆ ಹೆಸರನ್ನೇ ಸಿಸಿಪಿಡಿಅಡ್ಮಿನ್ ಆಜ್ಞೆಗೆ ತಿಳಿಸಬೇಕು. ರಾಸ್‌ಬೆರಿ ಪೈ ಮೇಲೆ ಪ್ರಿಂಟ್ ಸರ್ವರ್ ಮಾಡುವ ಯೋಚನೆ ಇದ್ದರೆ ಈ ಡೀಮನ್ ಅಲ್ಲಿ ಓಡುವುದಿಲ್ಲ. ಕ್ಯಾಪ್ಟ್ ಭಾಷೆಯನ್ನು ಸ್ವಯಂಸೇವಕರು ಬಿಡಿಸಿ ಬರೆದ ಕ್ಯಾಪ್ಟ್‌ಡ್ರೈವರ್ ಒಂದೇ ಅಲ್ಲಿ ದಾರಿ.

ಎಚ್‌ಪಿ ಲೇಸರ್‌ಜೆಟ್ 1018, 1020ರದ್ದು ಮೂರನೆಯ ಜಾಗದ ಕಥೆ. ಈ ಪ್ರಿಂಟರ್‌ಗಳು ಕರೆಂಟ್ ಹೋದರೆ ತಮ್ಮ ಫರ್ಮ್‌ವೇರ್ ಮರೆಯುತ್ತವೆ. ಸ್ವಿಚ್ ಹಾಕಿದ ಪ್ರತಿ ಸಲವೂ ಕಂಪ್ಯೂಟರ್ ಅದನ್ನು ಕಳಿಸಿಕೊಡಬೇಕು. ಡ್ರೈವರ್ ಮುಕ್ತವಾಗಿಯೇ ಇದೆ, ಫರ್ಮ್‌ವೇರ್ ಫೈಲ್ ಹಂಚುವ ಹಕ್ಕು ಮಾತ್ರ ವಿತರಣೆಗಳಿಗೆ ಇಲ್ಲ. ಹಾಗಾಗಿ ಎಚ್‌ಪಿಯ ಲಿನಕ್ಸ್ ಡ್ರೈವರ್ ಪ್ಯಾಕೇಜ್ ಆದ ಎಚ್‌ಪಿಲಿಪ್ ಹಾಕಿದ ಮೇಲೆ ಎಚ್‌ಪಿ-ಪ್ಲಗಿನ್ ಎಂಬ ಇನ್ನೊಂದು ಆಜ್ಞೆಯಿಂದ ಅದನ್ನು ಬೇರೆಯಾಗಿ ಇಳಿಸಬೇಕು. ಪ್ಲಗಿನ್ ಆವೃತ್ತಿ ಎಚ್‌ಪಿಲಿಪ್ ಆವೃತ್ತಿಗೆ ಸರಿಹೊಂದಬೇಕು. ಅಪ್‌ಗ್ರೇಡ್ ಆದ ಮೇಲೆ ಪ್ರಿಂಟರ್ ಮೂಕವಾದರೆ ಕೇಬಲ್ ಬದಲಿಸುತ್ತ ಕೂರಬೇಡಿ, ಎಚ್‌ಪಿ-ಪ್ಲಗಿನ್ ಮತ್ತೊಮ್ಮೆ ಓಡಿಸಿ.

ಪ್ರಿಂಟರ್ ಮಾತು ಬಂದದ್ದರಿಂದ ಸ್ವಲ್ಪ ಆಚೆ ಹೋಗುತ್ತೇನೆ. ಈ ಇಡೀ ಜಗಳದ ಬೇರು ಒಂದು ಪ್ರಿಂಟರ್‌ನಲ್ಲೇ ಇದೆ. 1980ರ ಆಸುಪಾಸಿನಲ್ಲಿ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಹಳೆಯ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರ ಪರದೆಗೂ ಸುದ್ದಿ ಹೋಗುವಂತೆ ರಿಚರ್ಡ್ ಸ್ಟಾಲ್‌ಮನ್ ಕೋಡ್ ತಿದ್ದಿದ್ದರು. ಹೊಸದಕ್ಕೂ ಹಾಗೆ ಮಾಡೋಣವೆಂದರೆ ಸೋರ್ಸ್ ಸಿಗಲಿಲ್ಲ. ಅದು ಇದ್ದವರು ಕಂಪನಿಗೆ ಮಾತು ಕೊಟ್ಟಿದ್ದೇನೆ ಎಂದು ಕೊಡಲು ಒಪ್ಪಲಿಲ್ಲ. 1983ರಲ್ಲಿ ಮುಕ್ತ ತಂತ್ರಾಂಶದ ಗ್ನು ಯೋಜನೆ ಘೋಷಣೆಯಾದದ್ದರ ಹಿಂದೆ ಈ ಅನುಭವ ಇತ್ತು ಎಂದು ಅವರೇ ಹೇಳಿಕೊಂಡಿದ್ದಾರೆ.

ಫರ್ಮ್‌ವೇರ್‌ಗೆ ಮರಳೋಣ. ಇಂಟೆಲ್ ವೈಫೈ, ಎಎಂಡಿ ಗ್ರಾಫಿಕ್ಸ್ ಎರಡಕ್ಕೂ ಕರ್ನಲ್ ಡ್ರೈವರ್ ಪೂರ್ತಿ ಮುಕ್ತ, ಆದರೂ ಚಿಪ್‌ಗೆ ಹಾಕಬೇಕಾದ ಫರ್ಮ್‌ವೇರ್ ಮುಚ್ಚಿದ್ದೇ. ಇದು ಚಿಪ್‌ನ ಒಳಗೆ ಓಡುವುದರಿಂದ ಕರ್ನಲ್ ಬದಲಾದರೂ ಹಾಳಾಗುವುದಿಲ್ಲ. ಫೈಲ್ ಇಲ್ಲದಿದ್ದರೆ ಮಾತ್ರ ಸಾಧನ ಏಳುವುದಿಲ್ಲ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಆಜ್ಞೆ ಕೊಟ್ಟು ಫರ್ಮ್‌ವೇರ್ ಎಂದು ಹುಡುಕಿದರೆ ಬೇಕಾದ ಫೈಲ್‌ನ ಹೆಸರೇ ಸಿಗುತ್ತದೆ. ಡೆಬಿಯನ್ ಬಹಳ ಕಾಲ ಇಂಥ ಫೈಲ್‌ಗಳನ್ನು ತನ್ನ ಅಧಿಕೃತ ಇನ್‌ಸ್ಟಾಲರ್‌ನಿಂದ ಹೊರಗಿಟ್ಟಿತ್ತು. ವೈಫೈ ಇಲ್ಲದೆ ಇನ್‌ಸ್ಟಾಲ್ ಆಗದು, ಇನ್‌ಸ್ಟಾಲ್ ಆಗದೆ ವೈಫೈ ಬಾರದು. 2022ರಲ್ಲಿ ಸದಸ್ಯರು ಮತ ಹಾಕಿ ನಿಯಮ ಬದಲಿಸಿದರು, 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರ ಇನ್‌ಸ್ಟಾಲರ್‌ನಲ್ಲಿ ಫರ್ಮ್‌ವೇರ್ ಸೇರಿತು. ಮುಚ್ಚಿದ ಡ್ರೈವರ್ ವಿಷಯದಲ್ಲಿ ತುಂಬ ಕಟ್ಟುನಿಟ್ಟಾದ ಓಪನ್‌ಬಿಎಸ್‌ಡಿ (ಲಿನಕ್ಸ್ ಅಲ್ಲದ ಇನ್ನೊಂದು ಮುಕ್ತ ಕಾರ್ಯಾಚರಣಾ ವ್ಯವಸ್ಥೆ) ಕೂಡ ಇಲ್ಲೇ ಗೆರೆ ಎಳೆಯುತ್ತದೆ: ಕರ್ನಲ್‌ನೊಳಗೆ ಮುಚ್ಚಿದ ಕೋಡ್ ಬೇಡವೇ ಬೇಡ, ಫರ್ಮ್‌ವೇರ್ ಆದರೆ ಎಫ್‌ಡಬ್ಲ್ಯು-ಅಪ್‌ಡೇಟ್ ಎಂಬ ಆಜ್ಞೆ ಇಳಿಸಿಕೊಡುತ್ತದೆ. ನನಗೂ ಆ ಗೆರೆ ಸರಿಯಾದ ಜಾಗದಲ್ಲಿದೆ ಅನಿಸುತ್ತದೆ.

ಎನ್‌ವಿಡಿಯಾ ಈಚೆಗೆ ನಡೆದಿರುವುದೂ ಅದೇ ದಿಕ್ಕಿಗೆ. 2022ರ ಮೇ ತಿಂಗಳಲ್ಲಿ ಅದು ಕರ್ನಲ್ ಮಾಡ್ಯೂಲ್‌ಗಳ ಸೋರ್ಸ್ ಬಿಡುಗಡೆ ಮಾಡಿತು. ಡ್ರೈವರ್ ಪೂರ್ತಿ ತೆರೆಯಿತು ಎಂದು ಅನೇಕರು ಸಂಭ್ರಮಿಸಿದರು. ಆದದ್ದೇನೆಂದರೆ, ಟ್ಯೂರಿಂಗ್ ಪೀಳಿಗೆಯಿಂದ ಕಾರ್ಡ್‌ನೊಳಗೆ ಜಿಎಸ್‌ಪಿ ಎಂಬ ಪುಟ್ಟ ಪ್ರೊಸೆಸರ್ ಇದೆ. ಮೊದಲು ಕರ್ನಲ್‌ನಲ್ಲಿದ್ದ ಬಹಳಷ್ಟು ಕೆಲಸ ಹತ್ತಾರು ಮೆಗಾಬೈಟ್‌ನ ಫರ್ಮ್‌ವೇರ್ ಆಗಿ ಅದರೊಳಗೆ ಹೋಯಿತು. ಗ್ರಾಫಿಕ್ಸ್‌ಗೆ ಬೇಕಾದ ಓಪನ್‌ಜಿಎಲ್, ಲೆಕ್ಕಾಚಾರಕ್ಕೆ ಬೇಕಾದ ಕುಡಾ ಲೈಬ್ರರಿಗಳು ಹೊರಗೆ ಮುಚ್ಚಿದಂತೆಯೇ ಇವೆ. ತೆರೆದದ್ದು ನಡುವಿನ ಪದರ ಮಾತ್ರ. ಆದರೂ ಇದನ್ನು ಸಣ್ಣದೆನ್ನಬೇಡಿ: ಕರ್ನಲ್ ಬದಲಾದಾಗ ಮುರಿಯುವ ಪದರ ಅದೇ, ಅದನ್ನು ಈಗ ಯಾರು ಬೇಕಾದರೂ ತಿದ್ದಬಹುದು. ಅದೇ ಜಿಎಸ್‌ಪಿಯನ್ನು ಸಮುದಾಯದ ನೂವೋ ಡ್ರೈವರ್ ಕೂಡ 6.7 ಕರ್ನಲ್‌ನಿಂದ ಬಳಸುತ್ತಿದೆ.

ನಡುವೆ ಸಿಕ್ಕಿಕೊಂಡವು ಜಿಟಿಎಕ್ಸ್ 900 ಮತ್ತು 10 ಸರಣಿಯ ಕಾರ್ಡ್‌ಗಳು. ಅವಕ್ಕೆ ಜಿಎಸ್‌ಪಿ ಇಲ್ಲ. ಆದರೆ ಗಡಿಯಾರದ ವೇಗ ಬದಲಿಸುವ ಫರ್ಮ್‌ವೇರ್‌ಗೆ ಕಂಪನಿಯ ಸಹಿ ಬೇಕು, ಅದು ನೂವೋ ಕೈಗೆ ಸಿಕ್ಕಿಲ್ಲ. ಹಾಗಾಗಿ ನೂವೋದಲ್ಲಿ ಈ ಕಾರ್ಡ್‌ಗಳು ಬೂಟ್ ಆದಾಗಿನ ಕಡಿಮೆ ವೇಗದಲ್ಲೇ ಉಳಿಯುತ್ತವೆ. ಮುಚ್ಚಿದ ಡ್ರೈವರ್‌ನ 580 ಸರಣಿಯೇ ಇವಕ್ಕೆ ಕೊನೆಯದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಜಿಟಿಎಕ್ಸ್ 1050 ಅಗ್ಗಕ್ಕೆ ಸಿಕ್ಕಿತೆಂದು ಲಿನಕ್ಸ್‌ಗೆ ಕೊಳ್ಳುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅದೇ ಬೆಲೆಗೆ ಹಳೆಯ ಎಎಂಡಿ ಪೊಲಾರಿಸ್ ಕಾರ್ಡ್, ಆರ್‌ಎಕ್ಸ್ 560 ಅಥವಾ 570, ಸಿಕ್ಕರೆ ಅದರ ಡ್ರೈವರ್ ಕರ್ನಲ್ ಮತ್ತು ಮೆಸಾ ಎಂಬ ಮುಕ್ತ ಗ್ರಾಫಿಕ್ಸ್ ಲೈಬ್ರರಿಯಲ್ಲೇ ಇದೆ, ನೀವು ಬೇರೆ ಡ್ರೈವರ್ ಹಾಕಬೇಕಾಗಿಲ್ಲ.

ಕಂಪನಿಗಳು ಯಾಕೆ ತೆರೆಯುವುದಿಲ್ಲ? ಪೇಟೆಂಟ್ ಭಯ, ಬೇರೆಯವರಿಂದ ಕೊಂಡ ಕೋಡ್, ವೈಫೈ ಶಕ್ತಿ ಮಿತಿಯ ನಿಯಮಗಳು, ನಕಲು ತಡೆಯ ಗುಟ್ಟಿನ ಕೀಗಳು. ಎಲ್ಲ ಸಲವೂ ದುರಾಸೆ ಅಲ್ಲ. ಕೆಲವೊಮ್ಮೆ ಕಂಪನಿ ಒಪ್ಪಿದರೂ ಆಗುವುದಿಲ್ಲ. ಎಚ್‌ಡಿಎಂಐ 2.1ಕ್ಕೆ ಮುಕ್ತ ಡ್ರೈವರ್ ಬರೆದು ಎಎಂಡಿ ಅನುಮತಿ ಕೇಳಿತ್ತು. ಆ ಮಾನಕ ರೂಪಿಸುವ ಎಚ್‌ಡಿಎಂಐ ಫೋರಂ ತಿರಸ್ಕರಿಸಿದ್ದು 2024ರ ಫೆಬ್ರವರಿಯಲ್ಲಿ ಹೊರಬಂತು. 4ಕೆ ಪರದೆಯನ್ನು 120 ಹರ್ಟ್ಸ್‌ನಲ್ಲಿ ಓಡಿಸಬೇಕೆಂದರೆ ಡಿಸ್‌ಪ್ಲೇಪೋರ್ಟ್ ಇರುವ ಮಾನಿಟರ್ ಕೊಳ್ಳಿ ಎಂದು ಹೇಳುವುದು ಇದೇ ಕಾರಣಕ್ಕೆ.

ಕೊಳ್ಳುವ ಮಾತಿನಲ್ಲಿ ಇನ್ನೆರಡು ಎಚ್ಚರಿಕೆ. ಡಬ್ಬಿಯ ಮೇಲಿನ ಹೆಸರನ್ನು ನಂಬಬೇಡಿ, ಒಳಗಿನ ಚಿಪ್ ಕೇಳಿ. ಟಿಪಿ-ಲಿಂಕ್ ಟಿಎಲ್-ಡಬ್ಲ್ಯುಎನ್722ಎನ್ ಅಡಾಪ್ಟರ್‌ನ 1ನೇ ಆವೃತ್ತಿಯಲ್ಲಿ ಅಥೆರೋಸ್ ಎಆರ್9271 ಇತ್ತು, ಅದಕ್ಕೆ ಫರ್ಮ್‌ವೇರ್ ಸಮೇತ ಮುಕ್ತ. 2ನೇ ಆವೃತ್ತಿಯಿಂದ ಅದೇ ಹೆಸರಿನಲ್ಲಿ ರಿಯಲ್‌ಟೆಕ್ ಚಿಪ್. ಆವೃತ್ತಿ ಸಂಖ್ಯೆ ಸಾಧನದ ಹಿಂದಿನ ಚೀಟಿಯಲ್ಲಿ ಸಣ್ಣದಾಗಿ ಇರುತ್ತದೆ. ಲ್ಯಾಪ್‌ಟಾಪ್‌ನ ಬ್ರಾಡ್‌ಕಾಮ್ ಕಾರ್ಡ್ ಬಿಚ್ಚಿ ಇಂಟೆಲ್ ಹಾಕುವವರು ಮೊದಲು ಸ್ಲಾಟ್ ನೋಡಿ. ಎಂ.2 ಸ್ಲಾಟ್ ಇದ್ದರೆ ಎಎಕ್ಸ್210 ಕೊಳ್ಳಿ. ಎಎಕ್ಸ್201, ಎಎಕ್ಸ್211 ನೋಡಲು ಹಾಗೇ ಇದ್ದರೂ ಅವು ಹೊಂದುವ ಇಂಟೆಲ್ ಪ್ಲಾಟ್‌ಫಾರ್ಮ್ ಇಲ್ಲದೆ ಓಡುವುದಿಲ್ಲ. ಹಳೆಯ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಇಂಟೆಲ್ 7260ರ ಅರ್ಧ ಉದ್ದದ ಕಾರ್ಡ್ ಸಿಗುತ್ತದೆ. ಕೆಲವು ಹಳೆಯ ಎಚ್‌ಪಿ, ಲೆನೊವೊ ಯಂತ್ರಗಳ ಬಯಾಸ್ ತಾನು ಒಪ್ಪಿದ ಕಾರ್ಡ್ ಬಿಟ್ಟು ಬೇರೆ ಹಾಕಿದರೆ ಬೂಟ್ ಆಗಲು ಬಿಡುವುದಿಲ್ಲ. ಹಾಗಾಗಿ ಹಳೆಯ ಕಾರ್ಡನ್ನು ಎಸೆಯುವ ಮೊದಲು ಹೊಸದು ಹಾಕಿ ಒಮ್ಮೆ ಬೂಟ್ ಮಾಡಿ.

ಅಂಗಡಿಯವರು ಒಪ್ಪಿದರೆ ಇನ್‌ಸ್ಟಾಲ್ ಮಾಡದೆ ಲಿನಕ್ಸ್ ಓಡಿಸುವ ಲೈವ್ ಪೆನ್‌ಡ್ರೈವ್ ಹಾಕಿಯೇ ನೋಡಿ. ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ ಕೊಟ್ಟು ಗ್ರಾಫಿಕ್ಸ್, ವೈಫೈ, ಆಡಿಯೋ ಮೂರರ ಕೆಳಗೂ ಕರ್ನಲ್ ಡ್ರೈವರ್ ಇನ್ ಯೂಸ್ ಎಂಬ ಸಾಲು ಇದೆಯೇ ಗಮನಿಸಿ. ಆಮೇಲೆ ಯಂತ್ರವನ್ನು ಸಸ್ಪೆಂಡ್ ಮಾಡಿ ಎಬ್ಬಿಸಿ, ವೈಫೈ ಮತ್ತೆ ತಾನಾಗಿ ಸೇರಿಕೊಳ್ಳುತ್ತದೆಯೇ ಎಂದು ಒಂದು ನಿಮಿಷ ಕಾಯಿರಿ.